ಪಿಸ್ತೂಲಿಗೆ ಅಗ್ಗದ ಸಪ್ರೆಸರ್: 9 ಎಂಎಂ ಆಸೆ ಬಿಟ್ಟು .22ಕ್ಕೆ ಬಂದ ಲೆಕ್ಕ

ಸಪ್ರೆಸರ್ ಅಂದರೆ ಕೋವಿಯ ತುದಿಗೆ ಸಿಕ್ಕಿಸಿ ಸದ್ದು ತಗ್ಗಿಸುವ ಕೊಳವೆ. ಒಂದೇ ಒಂದು ಸಪ್ರೆಸರ್‌ಗೆ ಸಾಲುವಷ್ಟು ದುಡ್ಡಿದ್ದರೆ ಸಣ್ಣ ಗುಂಡಿನ .22 ಪಿಸ್ತೂಲಿಗೆ ತಗೊಳ್ಳಿ. ದೊಡ್ಡ ಗುಂಡಿನ 9 ಎಂಎಂ ಕಡೆ ಆಮೇಲೆ ನೋಡಿದರಾಯ್ತು. ಮುಂದೆ ಬರೆದಿರುವುದೆಲ್ಲ ಈ ಮಾತಿಗೆ ಕೊಡುವ ಕಾರಣ ಅಷ್ಟೇ.

ನಾನಿರುವುದು ಟೆಕ್ಸಸ್‌ನಲ್ಲಿ, ಹುಟ್ಟಿದ್ದು ಕೊಡಗಿನಲ್ಲಿ. ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ ಎಂಬ ಹೂ ಇಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿ ಹಿಡಿಯುವ ಊರು. ಅಲ್ಲಿ ಕೋವಿಯ ಸದ್ದೇ ಹಬ್ಬ, ಅದನ್ನು ತಗ್ಗಿಸಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ. ಅದರ ಫಲವಾಗಿ ಅಪ್ಪನಿಗೆ ಈಗ ಫೋನಿನಲ್ಲಿ ಎರಡೆರಡು ಸಲ ಹೇಳಬೇಕು. ಹಾಗಾಗಿ ನಾನು ಹುಡುಕಿದ್ದು ಶೋಕಿಗೆ ಅಲ್ಲ, ಕಿವಿಗೆ.

ಹೋಲಿಸಿ ನೋಡಿದ್ದು ಮೂರನ್ನು. ರೂಗರ್ ಮಾರ್ಕ್ 4 ಪಿಸ್ತೂಲಿನ ತುದಿಗೆ ನಾನು ಕೊಂಡ ಸೈಲೆನ್ಸರ್‌ಕೋ ಸ್ಪ್ಯಾರೋ 22 ಒಂದು. ಗೆಳೆಯನ ರಗಡ್ ಆಬ್ಸಿಡಿಯನ್ 9 ಇನ್ನೊಂದು. ಅದನ್ನು ಹೊಡೆದು ನೋಡಿದ್ದೆಲ್ಲ ಅವನು ಪಕ್ಕದಲ್ಲಿದ್ದಾಗಲೇ, ಏಕೆಂದರೆ ಬೇರೆಯವರ ಹೆಸರಲ್ಲಿ ನೋಂದಣಿಯಾದದ್ದನ್ನು ಎರವಲು ತರುವ ಹಾಗಿಲ್ಲ. ಮೂರನೆಯದು ಸಪ್ರೆಸರೇ ಅಲ್ಲ, ಎಲೆಕ್ಟ್ರಾನಿಕ್ ಇಯರ್‌ಮಫ್.

ಕಾಗದಪತ್ರದ ಮಾತು ಚುಟುಕಾಗಿ. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಬಂದಾಗಿನಿಂದ ಪ್ರತಿ ಸಪ್ರೆಸರ್‌ಗೂ 200 ಡಾಲರ್ ತೆರಿಗೆ ಇತ್ತು. 2026ರ ಜನವರಿ 1ರಿಂದ ಅದು ಸೊನ್ನೆ. ತೆರಿಗೆ ಹೋಯಿತೇ ಹೊರತು ಫಾರ್ಮ್ 4 ಎಂಬ ಅರ್ಜಿ, ಬೆರಳಚ್ಚು, ಫೋಟೊ, ಕೋವಿಗಳ ನಿಗಾ ನೋಡುವ ಕೇಂದ್ರ ಸಂಸ್ಥೆ ಎಟಿಎಫ್‌ನ ಒಪ್ಪಿಗೆ ಯಾವುದೂ ಹೋಗಿಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್ ಸೇರಿ 8 ರಾಜ್ಯಗಳಲ್ಲಿ ಸಾಮಾನ್ಯ ಜನ ಇದನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ನಮ್ಮವರು ಗಮನಿಸಬೇಕಾದ ಇನ್ನೊಂದು ವಿಷಯ: ಗ್ರೀನ್ ಕಾರ್ಡ್ ಇದ್ದವರಿಗೆ ತೊಂದರೆಯಿಲ್ಲ, ಎಚ್-1ಬಿ ಮೇಲಿರುವವರಿಗೆ ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ ಕೋವಿ ಮುಟ್ಟುವುದೇ ಅಪರಾಧ. ನಾನು, ಹೆಂಡತಿ ಇಬ್ಬರೂ ಇರುವ ಟ್ರಸ್ಟ್ ಹೆಸರಲ್ಲಿ ಕೊಂಡೆ. ಹೆಂಡತಿಯದೂ ಬೆರಳಚ್ಚು ಕೊಡಬೇಕಾಯಿತು, ಆದರೆ ಈಗ ನಾನಿಲ್ಲದಾಗಲೂ ಅವಳು ಅದನ್ನು ರೇಂಜ್‌ಗೆ ಒಯ್ಯಬಹುದು.

ಕ್ಲೀನಿಂಗ್ ಕಿಟ್ ಎಂಬ ನೆಪದಲ್ಲಿ ಆನ್‌ಲೈನಿನಲ್ಲಿ ಮಾರುವ ಸಾಲ್ವೆಂಟ್ ಟ್ರ್ಯಾಪ್‌ಗಳನ್ನು ಅಗ್ಗದ ದಾರಿ ಅಂತ ಎಣಿಸಬೇಡಿ. ಅದು ನೋಂದಣಿಯಿಲ್ಲದ ಸಪ್ರೆಸರ್ ಅಂತಲೇ ಲೆಕ್ಕವಾದೀತು, 10 ವರ್ಷದವರೆಗೆ ಜೈಲಿಗೆ ಹೋಗುವ ದಾರಿ.

ಈಗ ನನ್ನ ತಲೆ ತಿಂದ ಸಂಗತಿಗೆ ಬರುತ್ತೇನೆ. 9 ಎಂಎಂ ಸಪ್ರೆಸರ್‌ನ ಬೆಲೆ ಅಂತ ಅಂಗಡಿಯವರು ಹೇಳುವ ಮೊತ್ತ ಇದೆಯಲ್ಲ, ಅದು ಬರೀ ಮುಂಗಡ ಅಂದುಕೊಳ್ಳಿ. ಬಹುಪಾಲು 9 ಎಂಎಂ ಪಿಸ್ತೂಲುಗಳಲ್ಲಿ ಗುಂಡು ಹಾರಿದ ಕೂಡಲೇ ಬ್ಯಾರೆಲ್ ಸ್ಲೈಡಿನ ಜೊತೆ ಸ್ವಲ್ಪ ಹಿಂದೆ ಸರಿದು, ಹಿಂಭಾಗ ಕೆಳಕ್ಕೆ ವಾಲಿ, ಕೊಂಡಿ ಬಿಡಿಸಿಕೊಳ್ಳುತ್ತದೆ. ತುದಿಯಲ್ಲಿ 300 ಗ್ರಾಂ ಆಸುಪಾಸಿನ ಲೋಹ ತೂಗುತ್ತಿದ್ದರೆ ಆ ಚಲನೆ ಅರ್ಧದಲ್ಲೇ ನಿಲ್ಲುತ್ತದೆ, ಮುಂದಿನ ತೋಟೆ ಏರುವುದಿಲ್ಲ. ಅದಕ್ಕಾಗಿ ಒಳಗೆ ಬೂಸ್ಟರ್ ಇರುತ್ತದೆ: ಒಂದು ಸ್ಪ್ರಿಂಗ್, ಒಂದು ಪಿಸ್ಟನ್. ಬ್ಯಾರೆಲ್ ಅಲುಗುವ ಆ ಕ್ಷಣ ಸಪ್ರೆಸರ್‌ನ ಭಾರ ಅದರ ಮೇಲೆ ಬೀಳದ ಹಾಗೆ ಅದು ನೋಡಿಕೊಳ್ಳುತ್ತದೆ. ಉಪಾಯ ಚೆನ್ನಾಗಿದೆ, ತಕರಾರಿಲ್ಲ.

ತಕರಾರಿರುವುದು ಪಿಸ್ಟನ್ನನ್ನು ಬ್ಯಾರೆಲ್ಲಿಗೆ ಕೂಡಿಸುವ ತಿರುಪಿನ ಗೆರೆಯಲ್ಲಿ, ಅಂದರೆ ಥ್ರೆಡ್‌ನಲ್ಲಿ. ಅಮೆರಿಕದ ವಾಡಿಕೆ ಅರ್ಧ ಇಂಚು ವ್ಯಾಸ, ಇಂಚಿಗೆ 28 ಸುತ್ತು, ಬಲಕ್ಕೆ ತಿರುವು. ನನ್ನ 9 ಎಂಎಂ ಯುರೋಪಿನದು. ಅದರ ಬ್ಯಾರೆಲ್ 13.5 ಮಿಲಿಮೀಟರ್, ಒಂದೊಂದು ಸುತ್ತಿಗೂ 1 ಮಿಲಿಮೀಟರ್, ಅದೂ ಎಡಕ್ಕೆ ತಿರುವು. ಗೆಳೆಯನ ಸಪ್ರೆಸರ್ ಕೈಲಿದೆ, ಪಿಸ್ತೂಲೂ ಕೈಲಿದೆ, ಎರಡೂ ಕೂಡುತ್ತಿಲ್ಲ. ಎಡ ತಿರುವಿನ ಪಿಸ್ಟನ್ ಬೇಕು ಅಂತ ಸ್ಪಷ್ಟವಾಗಿ ಬರೆದು ಒಂದು ಅಂಗಡಿಯಿಂದ ತರಿಸಿದರೆ ಡಬ್ಬಿಯ ಮೇಲಿನ ಚೀಟಿ ಸರಿಯಾಗಿತ್ತು, ಒಳಗಿದ್ದದ್ದು ಅದೇ ಅರ್ಧ ಇಂಚಿನದು. ವಾಪಸ್ ಕೊಡುವಾಗ ಕೌಂಟರಿನಲ್ಲಿದ್ದವನು ‘ಸ್ವಲ್ಪ ಒತ್ತಿ ತಿರುಗಿಸಿ ನೋಡಿದಿರಾ’ ಅಂತ ಕೇಳಿದ. ಥ್ರೆಡ್ ಹಾಳಾಗಿ ಸೊಟ್ಟ ಕೂತರೆ ಗುಂಡು ಒಳಗಿನ ಬ್ಯಾಫಲ್‌ಗೆ, ಅಂದರೆ ಸದ್ದು ತಗ್ಗಿಸುವ ಅಡ್ಡತಟ್ಟೆಗೆ, ಬಡಿಯುತ್ತದೆ, ಆಮೇಲೆ ಏಳುನೂರು ಡಾಲರಿನ ಸಾಮಾನು ಗುಜರಿ. ಈ ಮಾತನ್ನು ಸಪ್ರೆಸರ್ ಮಾರುವವನಿಗೆ ನಾನು ಹೇಳಿಕೊಡಬೇಕಾಯಿತು.

ಸರಿಯಾದ ಪಿಸ್ಟನ್ ಬಂದ ಮೇಲಾದರೂ ಮುಗಿಯಿತೇ? ಪಿಸ್ತೂಲಿನಲ್ಲಿ ಗುರಿ ನೋಡುವ ಮಾಮೂಲಿ ಸೈಟ್ ಸಪ್ರೆಸರ್‌ನ ಹಿಂದೆ ಅಡಗಿ ಹೋಯಿತು, ಎತ್ತರದ ಸೈಟ್ ಬೇಕು. ಥ್ರೆಡ್ ಬ್ಯಾರೆಲ್ ಇಲ್ಲದ ಪಿಸ್ತೂಲಾಗಿದ್ದರೆ ಬ್ಯಾರೆಲ್ಲಿಗೇ 150ರಿಂದ 250 ಡಾಲರ್. ಪಿಸ್ಟನ್ನಿಗೆ 80-90. ಅದೇ ಸಪ್ರೆಸರನ್ನು ಗಿಡ್ಡ ರೈಫಲ್ ಅಂದರೆ ಕಾರ್ಬೈನ್‌ಗೆ ಹಾಕುವುದಾದರೆ ಸ್ಪ್ರಿಂಗ್ ತೆಗೆದು ಅಲುಗದ ಸ್ಪೇಸರ್ ಹಾಕಬೇಕು, ಅದರ ಖರ್ಚು ಬೇರೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ.

ನನ್ನ ಮಾರ್ಕ್ 4ರಲ್ಲಿ ಈ ಯಾವ ರಗಳೆಯೂ ಇಲ್ಲ. ಅದರ ಬ್ಯಾರೆಲ್ ಅಲುಗುವುದಿಲ್ಲ, ಹಿಂದಿರುವ ಬೋಲ್ಟ್ ಮಾತ್ರ ಓಡಾಡುತ್ತದೆ. ಬೂಸ್ಟರ್ ಬೇಡ, ಪಿಸ್ಟನ್ ಬೇಡ. ಥ್ರೆಡ್ ಕಾರ್ಖಾನೆಯಿಂದಲೇ ಅರ್ಧ ಇಂಚಿನದು. ತಿರುಗಿಸಿದೆ, ಕೂತಿತು.

ಸದ್ದಿನ ವಿಷಯ. ಬರಿಯ 9 ಎಂಎಂ ಸುಮಾರು 160 ಡೆಸಿಬೆಲ್. ಒಳ್ಳೆ ಸಪ್ರೆಸರ್ ಹಾಕಿದರೆ 125ರಿಂದ 130ರ ಆಸುಪಾಸು. ಇಂಥ ಹಠಾತ್ ಸದ್ದಿಗೆ 140 ಅನ್ನು ಅಪಾಯದ ಗೆರೆ ಅನ್ನುತ್ತಾರೆ, ಅಂದರೆ ಆಬ್ಸಿಡಿಯನ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತದೆ. ಆದರೆ ಅಗ್ಗದ 115 ಗ್ರೇನ್ ತೂಕದ ಹಗುರ ಗುಂಡು ಶಬ್ದದ ವೇಗವನ್ನು ದಾಟಿ ಹೋಗುವಾಗ ಗಾಳಿಯಲ್ಲಿ ಚಟೀರ್ ಅನ್ನುತ್ತದೆ, ಅದನ್ನು ಯಾವ ಸಪ್ರೆಸರೂ ತಡೆಯಲಾರದು. ತಡೆಯಬೇಕಾದರೆ ಭಾರವಾದ, ಮೆಲ್ಲಗೆ ಹೋಗುವ 147 ಗ್ರೇನ್ ಗುಂಡು, ಅದು ತುಟ್ಟಿ. .22ರಲ್ಲಿ 40 ಗ್ರೇನ್ ಸ್ಟ್ಯಾಂಡರ್ಡ್ ತೋಟೆಯ ವೇಗ ರೈಫಲ್ಲಿನಲ್ಲೇ ಸೆಕೆಂಡಿಗೆ 1070 ಅಡಿ, ಪಿಸ್ತೂಲಿನ ಗಿಡ್ಡ ಬ್ಯಾರೆಲ್ಲಿನಲ್ಲಿ ಇನ್ನೂ ಕಡಿಮೆ. ಮಾಮೂಲಿ ಹವೆಯಲ್ಲಿ ಶಬ್ದದ ವೇಗ ಸುಮಾರು 1125. ಅಗ್ಗದ ಡಬ್ಬವೇ ಮೆಲ್ಲನೆಯ ಡಬ್ಬ. ಮೊದಲ ಗುಂಡು ಮಾತ್ರ ಒಂದಿಷ್ಟು ಜೋರು, ಸಪ್ರೆಸರ್ ಒಳಗಿನ ಗಾಳಿಯ ಆಮ್ಲಜನಕ ಉರಿಯುವುದರಿಂದ. ಎರಡನೆಯದರಿಂದ ಬೋಲ್ಟ್ ಟಕ್ ಅನ್ನುವುದೂ ಗುರಿಗಿಟ್ಟ ಕಬ್ಬಿಣದ ತಟ್ಟೆ ಟಿಂಗ್ ಅನ್ನುವುದೂ ಬೇರೆಬೇರೆಯಾಗಿ ಕೇಳುತ್ತವೆ.

9 ಎಂಎಂ ಸಪ್ರೆಸರನ್ನೇ .22ಕ್ಕೂ ಹಾಕಿದರೆ ಸಾಲದೇ ಅಂತ ಗೆಳೆಯ ವಾದಿಸಿದ. ತೂತು ದೊಡ್ಡದು, ತೂಕ ಹೆಚ್ಚು, ಜೊತೆಗೆ ಸೀಸದ ಕಸ. ಬೇಡ.

ಕಸ ಅಂದೆನಲ್ಲ, .22ರ ನಿಜವಾದ ಕೊರತೆ ಅದೇ. ತೋಟೆಯ ಸೀಸ ಬರಿಮೈ, ಒಳಗೆಲ್ಲ ಗಟ್ಟಿಯಾಗಿ ಮೆತ್ತಿಕೊಳ್ಳುತ್ತದೆ; ಬಿಚ್ಚಿ ತೊಳೆಯಲು ಬಾರದ ಸಪ್ರೆಸರ್ .22ಕ್ಕೆ ಕೊಳ್ಳಲೇಬೇಡಿ. ಸ್ಪ್ಯಾರೋದಲ್ಲಿ ಒಳಗಿನ ತಿರುಳನ್ನು ಎರಡು ಅರ್ಧ ಚಿಪ್ಪುಗಳು ಅಪ್ಪಿಕೊಂಡಿರುತ್ತವೆ, ಎಷ್ಟು ಕೊಳೆಯಾದರೂ ಬಿಡಿಸಿಕೊಂಡು ಬರುತ್ತದೆ. ನಾನು ಆರಿಸಿದ್ದು ಮುಖ್ಯವಾಗಿ ಇದಕ್ಕೆ. ವಿನೆಗರ್ ಮತ್ತು ಪೆರಾಕ್ಸೈಡ್ ಬೆರೆಸಿ ಅದ್ದಿಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಅದರಿಂದ ಲೆಡ್ ಅಸಿಟೇಟ್ ಆಗುತ್ತದೆ, ಚರ್ಮದ ಮೂಲಕವೂ ಒಳಗೆ ಹೋಗುವ ವಿಷ. ಗ್ಲೌಸ್ ಹಾಕಿ, ಎಣ್ಣೆ ಹಚ್ಚಿ, ಉಜ್ಜಿ. ಅಡುಗೆಮನೆ ಸಿಂಕಿನಲ್ಲಂತೂ ಬೇಡವೇ ಬೇಡ.

ಇಯರ್‌ಮಫ್: ಹಾವರ್ಡ್ ಲೈಟ್ ಇಂಪ್ಯಾಕ್ಟ್ ಸ್ಪೋರ್ಟ್, ಸದ್ದು ತಡೆಯುವ ರೇಟಿಂಗ್ 22 ಡೆಸಿಬೆಲ್, ಒಳಗೆ ಫೋಮ್ ಪ್ಲಗ್ ಹಾಕಿದರೆ ಇನ್ನಷ್ಟು ರಕ್ಷಣೆ. ನೂರು ಡಾಲರ್ ಒಳಗೇ ಸಿಗುತ್ತದೆ, ಅರ್ಜಿಯಿಲ್ಲ, ಬೆರಳಚ್ಚಿಲ್ಲ. ಇಂಡೋರ್ ರೇಂಜ್‌ಗೆ ಮಾತ್ರ ಹೋಗುವವರು ಇಲ್ಲಿಗೇ ಓದು ನಿಲ್ಲಿಸಿ ಇದನ್ನೇ ಕೊಳ್ಳಿ. ಪಕ್ಕದ ಲೇನಿನವನ ಪಿಸ್ತೂಲಿಗೆ ಸಪ್ರೆಸರ್ ಇರುವುದಿಲ್ಲ, ಮಫ್ ಹೇಗೂ ತಲೆ ಮೇಲಿರಲೇಬೇಕು, ನಿಮ್ಮ ಸಪ್ರೆಸರ್ ಅಲ್ಲಿ ಅಲಂಕಾರಕ್ಕೆ.

ನಾನು ಹೊಡೆಯುವುದು ಬಯಲಿನಲ್ಲಿ, ಗೆಳೆಯನ ಜಮೀನಿನಲ್ಲಿ, ಒಂದು ಬೆಳಿಗ್ಗೆಗೆ ಡಬ್ಬಗಟ್ಟಲೆ ತೋಟೆ ಖಾಲಿಯಾಗುತ್ತದೆ. 9 ಎಂಎಂ ಒಂದರ ಬೆಲೆಗೆ .22 ಮೂರು ಬರುತ್ತವೆ. ಮಗಳು ಕಲಿಯುತ್ತಿರುವುದೂ ಇದರಲ್ಲೇ. ಸದ್ದಿಗೆ ಬೆಚ್ಚಿ ಕಣ್ಣು ಮುಚ್ಚುವ ಅಭ್ಯಾಸ ಅವಳಿಗೆ ಹತ್ತಲಿಲ್ಲ. ಮನೆಯಲ್ಲಿ ಆಗಲೇ 9 ಎಂಎಂ ಕಾರ್ಬೈನ್ ಇದ್ದು, ತೋಟೆಯ ಖರ್ಚಿನ ಚಿಂತೆ ಇಲ್ಲದವರು ಆಬ್ಸಿಡಿಯನ್ ಕೊಳ್ಳಲಿ, ಉದ್ದ-ಗಿಡ್ಡ ಎರಡೂ ಮಾಡಿಕೊಳ್ಳಬಹುದು, ಗಟ್ಟಿಮುಟ್ಟಾಗಿದೆ. ಫಾರ್ಮ್ 4 ಒಪ್ಪಿಗೆಗೆ ಕಾಯುವಾಗ ನಿಮ್ಮ ಬ್ಯಾರೆಲ್‌ನ ಥ್ರೆಡ್ ಯಾವುದೆಂದು ನೋಡಿ, ಪಿಸ್ಟನ್ ತರಿಸಿ, ಡಬ್ಬಿ ಒಡೆದು ಕೈಯಾರೆ ತಿರುಗಿಸಿ ನೋಡಿ ಇಟ್ಟುಕೊಂಡಿರಿ.