ಅಂಧೇರಿಯ ಬಾಡಿಗೆ ಥಿಯೇಟರಿನಲ್ಲಿ ಹಾರರ್ ಸಿನಿಮಾ: ಸ್ಪೀಕರ್ ಚೆನ್ನಾಗಿದೆ, ಎಸಿ ಕೊಲ್ಲುತ್ತದೆ

ಅಂಧೇರಿ ವೆಸ್ಟಿನಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಪುಟ್ಟ ಥಿಯೇಟರುಗಳು ಹೇಗಿವೆ ಅಂತ ಮುಂಬೈ ಕನ್ನಡದವರು ಕೇಳುತ್ತಲೇ ಇರುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ನಾವು ಹೋದ ಜಾಗದ ಹೆಸರು ಹಾಕುವುದಿಲ್ಲ, ಬೈಗುಳವೂ ಸ್ವಲ್ಪ ಇದೆ. ಮೂರು ಸಾಲು ಸೋಫಾ, 7.1 ಸ್ಪೀಕರ್ (ಅಂದರೆ ಸುತ್ತಲೂ ಏಳು, ಜೊತೆಗೆ ದುಂ ದುಂ ಅನ್ನುವ ತಗ್ಗಿನ ಸದ್ದಿಗೆ ಒಂದು ಸಬ್‌ವೂಫರ್), ಸಿನಿಮಾ ನಮ್ಮ ಆಯ್ಕೆ. ನಮ್ಮ ಗ್ಯಾಂಗಿಗೆ ಹಾರರ್ರೇ ಆಗಬೇಕು.

ಮೊದಲು ಹಾಕಿಸಿದ್ದು 2018ರ 'ಎ ಕ್ವೈಟ್ ಪ್ಲೇಸ್'. ಸದ್ದು ಕೇಳಿಸಿದರೆ ಸಾಕು, ಒಂದು ಜಾತಿಯ ಭಯಾನಕ ಪ್ರಾಣಿಗಳು ಬಂದು ಕೊಲ್ಲುತ್ತವೆ, ಹಾಗಾಗಿ ಇಡೀ ಮನೆಯವರು ಕೈಸನ್ನೆಯಲ್ಲೇ ಬದುಕುತ್ತಾರೆ. ಮಗಳಿಗೆ ಕಿವಿ ಕೇಳಿಸುವುದಿಲ್ಲ. ಅವಳ ಕಿವಿಯ ಯಂತ್ರ ಆಫ್ ಆದಾಗ ಸಿನಿಮಾದ ಸದ್ದೂ ಪೂರ್ತಿ ನಿಂತುಬಿಡುತ್ತದೆ. ಆಗ ಈ ಥಿಯೇಟರಿನ ಬಣ್ಣ ಬಯಲಾಯಿತು ನೋಡಿ! ಎಸಿಯ ಗುರ್ರ್, ಪ್ರೊಜೆಕ್ಟರಿನ ಫ್ಯಾನು, ತಗಡಿನ ಮೇಲೆ ಜುಲೈ ಮಳೆ, ಜೊತೆಗೆ ನಮ್ಮವನೊಬ್ಬನ ಕೋಡುಬಳೆ. (ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ, ಅದು ಪ್ಲಸ್ಸೋ ಮೈನಸ್ಸೋ ನೀವೇ ಹೇಳಿ.)

ಇಂಥ ಜಾಗಗಳು ವಾಟ್ಸು, ಸ್ಪೀಕರ್ ಸಂಖ್ಯೆ ಹೇಳಿಕೊಂಡು ಮೆರೆಯುತ್ತವೆ. ಹಾರರ್‌ಗೆ ಅದಕ್ಕಿಂತ ಜಾಸ್ತಿ ಬೇಕಿರುವುದು ನಿಶ್ಶಬ್ದ. ದಿಢೀರ್ ಅಂತ ಬೆಚ್ಚಿಬೀಳಿಸುವ ಸೀನಿಗೆ ಮುಂಚೆ ಸದ್ದನ್ನೆಲ್ಲ ಇಳಿಸಿರುತ್ತಾರೆ, ನಾವು ಉಸಿರು ಹಿಡಿದು ಕಿವಿಗೊಡುತ್ತೇವೆ, ಆಮೇಲೆ ಹೊಡೆತ ಬೀಳುತ್ತದೆ. ಎಸಿ ಆಗಲೇ ಗುರ್ರ್ ಅನ್ನುತ್ತಿದ್ದರೆ ಕಿವಿಗೊಡೋದು ಯಾವುದಕ್ಕೆ? ಅದರ ಮೇಲೆ ಪಕ್ಕದ ರೂಮಿನವರಿಗೆ ತೊಂದರೆ ಆಗಬಾರದು ಅಂತ ಸೌಂಡನ್ನು ನೈಟ್ ಮೋಡಿನಲ್ಲಿ ಇಟ್ಟಿದ್ದರು. ಆ ಸೆಟ್ಟಿಂಗ್ ಪಿಸುಮಾತನ್ನು ಏರಿಸಿ ಚೀರಾಟವನ್ನು ಇಳಿಸುತ್ತದೆ. ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ ಥಿಯೇಟರಿನ ಹುಡುಗನನ್ನು ಕರೆದು ನೈಟ್ ಮೋಡ್ ತೆಗೆಸಿದೆವು, ಬೇಸರ ಮಾಡದೆ ಎಸಿಯನ್ನೂ ಕಮ್ಮಿ ಮಾಡಿಕೊಟ್ಟ. ಪುಣ್ಯಾತ್ಮ. ಬೆವರು ಸುರಿಯಿತು, ಆದರೆ ಅಲ್ಲಿಂದ ಮುಂದೆ ನಿಜವಾಗಿ ಹೆದರಿದೆವು.

ಎರಡನೆಯದು ಹಿಚ್‌ಕಾಕ್‌ನ 'ದಿ ಬರ್ಡ್ಸ್', 1963ರದ್ದು. ಅದರಲ್ಲಿ ಮಾಮೂಲಿ ಹಿನ್ನೆಲೆ ಸಂಗೀತವೇ ಇಲ್ಲ. ಆಸ್ಕರ್ ಸಾಲಾ ಅನ್ನುವವರು ಟ್ರೌಟೋನಿಯಂ ಎಂಬ ಎಲೆಕ್ಟ್ರಾನಿಕ್ ವಾದ್ಯದಲ್ಲಿ ಹಕ್ಕಿಗಳ ಕೂಗು, ರೆಕ್ಕೆಬಡಿತ ಹುಟ್ಟಿಸಿದ್ದಾರೆ. ಕೊನೆಯ ಹತ್ತಿರ ಕಿಟಕಿಗೆಲ್ಲ ಹಲಗೆ ಬಡಿದುಕೊಂಡು ಮನೆಯವರು ಒಳಗೆ ಕೂತಿರುತ್ತಾರೆ, ಹಕ್ಕಿಗಳು ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಬರೀ ಸದ್ದು, ಮತ್ತೆ ಗೋಡೆ ನೋಡುತ್ತಾ ಹಿಂದೆ ಸರಿಯುವ ಮುಖಗಳು. ಮೊನೊ ಸೌಂಡಿನ ಸಿನಿಮಾ ಅದು, ಒಂದೇ ಸ್ಪೀಕರ್ ಸಾಕು ಅದಕ್ಕೆ. ಕೋಡುಬಳೆಯವನು ಕೈ ಪ್ಯಾಕೆಟ್ಟಿನೊಳಗೇ ಬಿಟ್ಟು ಕೂತಿದ್ದ.

ಸಬ್‌ವೂಫರನ್ನು ಹಿಂದಿನ ಮೂಲೆಗೆ ತಳ್ಳಿದ್ದಾರೆ. ಕೊನೆ ಸಾಲಿನಲ್ಲಿ ಕೂತರೆ ಬರೀ ದುಂ ದುಂ, ಮಾತು ಮುಳುಗಿಹೋಗುತ್ತದೆ. ಮಧ್ಯದ ಸಾಲಿನ ನಡುವಿನ ಸೀಟು ಹಿಡಿಯಿರಿ. ಸ್ಕ್ರೀನ್ ಓಕೆ, ಟಾಯ್ಲೆಟ್ ಕ್ಲೀನ್, ಪಾರ್ಕಿಂಗ್ ಮರೆತುಬಿಡಿ, ಮೆಟ್ರೋದಲ್ಲೇ ಬನ್ನಿ.

ಐದಕ್ಕೆ ಮೂರು ಕೊಡುತ್ತೇನೆ. ಫೈಟಿಂಗ್ ಸಿನಿಮಾಕ್ಕೆ ಧಾರಾಳವಾಗಿ ಹೋಗಬಹುದು. ಹಾರರ್ ನೋಡುವವರು ಮಳೆಗಾಲ ಮುಗಿಯಲಿ ಬಿಡಿ, ಬುಕ್ ಮಾಡುವಾಗಲೇ ನೈಟ್ ಮೋಡ್ ಬೇಡ ಅಂತ ಹೇಳಿ, ಹಣ ಕೊಡುವ ಮುಂಚೆ ಎಸಿ ಹಾಕಿಸಿ ಎರಡು ನಿಮಿಷ ಸುಮ್ನೆ ಕೂತು ಕೇಳಿ ನೋಡಿ.