ಕಳಚುವ ಕಂಟ್ರೋಲರ್, ಬಿಚ್ಚುವ ಸ್ಕ್ರೂ: ಎರಡು ಬಗೆಯ ಹ್ಯಾಂಡ್‌ಹೆಲ್ಡ್‌ಗಳು

ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರ್‌ಗಳ ವಿಷಯದಲ್ಲಿ ‘ಮಾಡ್ಯುಲರ್’ ಎಂಬ ಮಾತು ಈಗ ಧಾರಾಳವಾಗಿ ಬಳಕೆಯಾಗುತ್ತಿದೆ. ಈ ಒಂದೇ ಪದದೊಳಗೆ ಎರಡು ಸಂಗತಿಗಳು ಸೇರಿಕೊಂಡಿವೆ: ಆಡುವಾಗಿನ ಅನುಕೂಲಕ್ಕೆ ಕಳಚಿಡುವ ಭಾಗಗಳು ಒಂದು, ಸವೆದಾಗ ಬದಲಾಯಿಸಬಹುದಾದ ಭಾಗಗಳು ಇನ್ನೊಂದು. ಒಂದೂವರೆ ವರ್ಷದಿಂದ ಸ್ಟೀಮ್ ಡೆಕ್ ಬಳಸುತ್ತಿರುವ, ಸ್ನೇಹಿತರ ಲೀಜನ್ ಗೋವನ್ನು ಕೆಲವು ವಾರ ಇಟ್ಟುಕೊಂಡು ಆಡಿದ ನನಗೆ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡಿದೆ.

2023ರಲ್ಲಿ ಬಂದ ಲೆನೊವೊ ಲೀಜನ್ ಗೋ ಮೊದಲ ಬಗೆಯದು. ಅದರ ಎರಡೂ ಬದಿಯ ಕಂಟ್ರೋಲರ್‌ಗಳನ್ನು ಗುಂಡಿ ಒತ್ತಿ ಕೆಳಕ್ಕೆ ಜಾರಿಸಿದರೆ ಬೇರೆಯಾಗುತ್ತವೆ, 8.8 ಇಂಚಿನ ಪರದೆಯನ್ನು ಬೆನ್ನಿನ ಸ್ಟ್ಯಾಂಡ್ ಬಿಡಿಸಿ ಮೇಜಿನ ಮೇಲೆ ನಿಲ್ಲಿಸಬಹುದು. ಕಂಟ್ರೋಲರ್ ಸಮೇತ ಸುಮಾರು 854 ಗ್ರಾಂ ತೂಗುವ ಸಾಧನವನ್ನು ಅರ್ಧ ಗಂಟೆ ಎತ್ತಿ ಹಿಡಿದವರಿಗೆ ಈ ಸೌಕರ್ಯದ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಲಗೈ ಕಂಟ್ರೋಲರನ್ನು ಪುಟ್ಟ ಬಿಲ್ಲೆಯ ಮೇಲೆ ನೆಟ್ಟಗೆ ನಿಲ್ಲಿಸಿ ಮೌಸಿನಂತೆ ಓಡಿಸುವ ವ್ಯವಸ್ಥೆಯೂ ಇದೆ. ಅದಕ್ಕೆ ಮೇಜು ಬೇಕು, ಮೇಜಿದ್ದರೆ ನಿಜವಾದ ಮೌಸನ್ನೇ ಬಳಸಬಹುದಲ್ಲವೇ ಎಂಬ ಪ್ರಶ್ನೆಯೂ ಏಳುತ್ತದೆ. ಜಾಯ್‌ಸ್ಟಿಕ್‌ಗಳು ಅಯಸ್ಕಾಂತದ ನೆರವಿನ ಹಾಲ್ ಎಫೆಕ್ಟ್ ಬಗೆಯವಾದ್ದರಿಂದ, ಒಳಗಿನ ಪಟ್ಟಿ ಉಜ್ಜಿ ಸವೆದು ಮುಟ್ಟದಿದ್ದರೂ ಆಟದ ಪಾತ್ರ ತಾನೇ ನಡೆಯತೊಡಗುವ ತೊಂದರೆ ಕಡಿಮೆ. ಇದನ್ನು ಮಾತ್ರ ಮನಸಾರೆ ಮೆಚ್ಚಬೇಕು.

ವಾಲ್ವ್ ಕಂಪನಿಯ ಸ್ಟೀಮ್ ಡೆಕ್‌ನಲ್ಲಿ ಹೀಗೆ ಹೊರಗಿನಿಂದ ಕಳಚುವಂಥದ್ದು ಏನೂ ಇಲ್ಲ. ಆದರೆ 2022ರ ಎಲ್‌ಸಿಡಿ ಪರದೆಯ ಮಾದರಿಯ ಬೆನ್ನಿನ ಎಂಟು ಸ್ಕ್ರೂ ಬಿಚ್ಚಿದರೆ ಒಳಗಿನದೆಲ್ಲ ಕಣ್ಣಿಗೆ ಬೀಳುತ್ತದೆ. ಆಟಗಳನ್ನು ಕೂಡಿಡುವ ಎಸ್‌ಎಸ್‌ಡಿಯನ್ನು ಬದಲಾಯಿಸಲು ನಾನು ಅದನ್ನು ತೆರೆದಿದ್ದೆ. ಮೊದಲು ಮೈಕ್ರೋ ಎಸ್‌ಡಿ ಕಾರ್ಡ್ ತೆಗೆಯಲೇಬೇಕು, ಮರೆತರೆ ಮುಚ್ಚಳ ಎಬ್ಬಿಸುವಾಗ ಕಾರ್ಡ್ ಮುರಿಯುತ್ತದೆ. ಸ್ಕ್ರೂಗಳಲ್ಲಿ ನಾಲ್ಕು ಉದ್ದ, ನಾಲ್ಕು ಗಿಡ್ಡ. ನಾನು ಕಾಗದದ ಮೇಲೆ ಡೆಕ್‌ನ ಚಿತ್ರ ಬರೆದು ಆಯಾ ಜಾಗದಲ್ಲೇ ಇಟ್ಟುಕೊಂಡೆ. ಲೋಹದ ಕವಚದ ಮೂರು ಸ್ಕ್ರೂಗಳಲ್ಲಿ ಒಂದು ಬೆಳ್ಳಿ ಬಣ್ಣದ ಟೇಪಿನ ಕೆಳಗೆ ಅಡಗಿರುತ್ತದೆ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಹಳೆಯ ಎಸ್‌ಎಸ್‌ಡಿಯ ಹೊದಿಕೆಯನ್ನು ಹೊಸದಕ್ಕೆ ತೊಡಿಸಿ ಕೂರಿಸುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಇದಕ್ಕೆ ಬೇಕಾಗುವುದು 2230 ಎಂಬ ಗಿಡ್ಡ ಅಳತೆಯ ಎಸ್‌ಎಸ್‌ಡಿ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಎರಡು ಅಂಗಡಿಯವರು ಉದ್ದನೆಯ 2280 ತೋರಿಸಿದರು, ಸರಿಯಾದದ್ದು ಮೂರನೆಯ ಅಂಗಡಿಯಲ್ಲಿ ಸಿಕ್ಕಿತು. ಜಾಯ್‌ಸ್ಟಿಕ್‌ಗಳೂ ಮೂರು ಮೂರು ಸ್ಕ್ರೂಗಳ ಪ್ರತ್ಯೇಕ ಘಟಕಗಳಾಗಿವೆ, ಬಿಡಿಭಾಗಗಳನ್ನು ಐಫಿಕ್ಸ್‌ಇಟ್ ಎಂಬ ದುರಸ್ತಿ ಸಾಮಗ್ರಿಯ ಸಂಸ್ಥೆ ಮಾರುತ್ತದೆ.

ಆದರೂ ಇದನ್ನು ಪೂರ್ಣ ಮಾಡ್ಯುಲರ್ ಎನ್ನಲು ಬರುವುದಿಲ್ಲ. ಬ್ಯಾಟರಿಯನ್ನು ಗಟ್ಟಿಯಾದ ಅಂಟಿನಿಂದ ಕೂರಿಸಲಾಗಿದೆ. ಎಲ್ಲಕ್ಕಿಂತ ಮೊದಲು ಹಳತಾಗುವ ಭಾಗವೇ ತೆಗೆಯಲು ಅತಿ ಕಷ್ಟದ್ದಾಗಿರುವುದು ವಿಪರ್ಯಾಸ. ಪ್ರೊಸೆಸರ್ ಮತ್ತು 16 ಜಿಬಿ ರ್‍ಯಾಮ್‌ ಡೆಕ್‌ನಲ್ಲೂ ಲೀಜನ್ ಗೋದಲ್ಲೂ ಬೋರ್ಡಿಗೆ ಬೆಸೆದುಕೊಂಡೇ ಇವೆ. ಹೀಗಾಗಿ, ಈಗ ಕೊಂಡು ಮುಂದೆ ವೇಗ ಹೆಚ್ಚಿಸಿಕೊಳ್ಳೋಣ ಎಂಬ ಲೆಕ್ಕಾಚಾರ, ಮೇಜಿನ ಕಂಪ್ಯೂಟರಿನಲ್ಲಿ ನಡೆಯುವಂತೆ, ಇಲ್ಲಿ ನಡೆಯುವುದಿಲ್ಲ. ವೇಗವೇ ಮುಖ್ಯವೆನ್ನುವವರು ಬ್ಯಾಟರಿಯನ್ನೂ ನೋಡಬೇಕು: ಲೀಜನ್ ಗೋದ ಚಿಪ್ 30 ವ್ಯಾಟ್‌ವರೆಗೆ ಎಳೆಯಬಲ್ಲದು, ಬ್ಯಾಟರಿ ಇರುವುದು 49.2 ವ್ಯಾಟ್‌-ಅವರ್, ಪರದೆಯ ಖರ್ಚು ಸೇರಿಸದಿದ್ದರೂ ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಚಾರ್ಜರ್ ಹುಡುಕಬೇಕಾಗುತ್ತದೆ. ಡೆಕ್‌ನ ಚಿಪ್ 15 ವ್ಯಾಟ್‌ಗೆ ನಿಲ್ಲುವುದರಿಂದ 40 ವ್ಯಾಟ್‌-ಅವರ್ ಬ್ಯಾಟರಿಯೂ ಅದಕ್ಕಿಂತ ಹೆಚ್ಚು ಹೊತ್ತು ಬರುತ್ತದೆ.

ನಮ್ಮಲ್ಲಿ ಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು. ವಾಲ್ವ್ ಭಾರತದಲ್ಲಿ ಡೆಕ್ ಅನ್ನು ನೇರವಾಗಿ ಮಾರಿಲ್ಲ. ಹೊರಗಿನಿಂದ ತರಿಸಿಕೊಟ್ಟವರ ಮಾತೇ ಇಲ್ಲಿ ವಾರಂಟಿ. ಲೀಜನ್ ಗೋ ಕೊಳ್ಳುವವರು ಲೆನೊವೊದ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಸ್ಕ್ರೂಡ್ರೈವರ್ ಹಿಡಿಯಲು ಕೈ ನಡುಗುವವರು ಅದನ್ನೇ ಕೊಳ್ಳಲಿ; ನಾನಂತೂ ಮುಂದಿನ ಸಲವೂ ಬೆನ್ನು ಬಿಚ್ಚಲು ಬರುವುದನ್ನೇ ಆರಿಸುತ್ತೇನೆ.