ಬೆಲ್ಟ್ ಒಂದನ್ನೇ ಹಾಕಿಸಿ ಕೆಟ್ಟೆ: ಟೈಮಿಂಗ್ ಬೆಲ್ಟ್ ಪೂರ್ತಿ ಕಿಟ್, 68,000 ಕಿ.ಮೀ. ಓಡಿದ ಮೇಲೆ

ಕಾರು 2003ರದ್ದು, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಹಿಂದಿನವರು ಏನೇನು ಮಾಡಿಸಿದ್ದರು ಅನ್ನೋದಕ್ಕೆ ಒಂದು ಚೀಟಿಯೂ ಇರಲಿಲ್ಲ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕನ್ನೂ ವಾಲ್ವ್ ತೆರೆಯುವ ಕ್ಯಾಮನ್ನೂ ತಾಳ ತಪ್ಪದಂತೆ ಜೋಡಿಸುವ ಹಲ್ಲಿನ ರಬ್ಬರ್ ಪಟ್ಟಿಯೇ ಟೈಮಿಂಗ್ ಬೆಲ್ಟ್. ಅದು ನನ್ನ ಕಾಲದಲ್ಲಿ ಎರಡು ಸಲ ಬದಲಾಗಿದೆ. ಮೊದಲ ಸಲ 2015ರಲ್ಲಿ, ಜಿಪುಣತನದಿಂದ. ಎರಡನೇ ಸಲ 2018ರಲ್ಲಿ, ಅದೇ ಜಿಪುಣತನದ ದಂಡವಾಗಿ. ಈ ವಿಮರ್ಶೆ ಎರಡನೇ ಸಲ ಹಾಕಿದ ಪೂರ್ತಿ ಕಿಟ್‌ನದು. ಆರು ವರ್ಷ, 68,000 ಕಿ.ಮೀ. ಆಯಿತು.

ಮೊದಲ ಸಲ ಗ್ಯಾರೇಜಿನವರು ಕೇಳಿದ್ದರು: "ಹೇಗೂ ಬಿಚ್ಚಿದ್ದೀವಿ ಸರ್, ವಾಟರ್ ಪಂಪೂ ಹಾಕಿಬಿಡೋಣ್ವಾ?" ಪಂಪು ಸೋರುತ್ತಿಲ್ಲ, ಸದ್ದಿಲ್ಲ, ಸುಮ್ನೆ ಯಾಕೆ ಅಂದೆ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಬೆಲ್ಟಿಗೆ ದಾರಿ ಹಿಡಿಸುವ ಐಡ್ಲರ್ ಪುಲ್ಲಿಗೂ ಅದೇ ಉತ್ತರ. ಬೆಲ್ಟ್ ಒಂದೇ ಹೊಸದಾಯಿತು.

ನನ್ನ ಎಂಜಿನ್‌ನಲ್ಲಿ, ಎಂಜಿನ್ ತಂಪಾಗಿಡುವ ಕೂಲಂಟನ್ನು ಹರಿಸುವ ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟು. ಆ ಬೆಲ್ಟ್ ಹಾಕಿ 34,000 ಕಿ.ಮೀ. ಆಗುವಷ್ಟರಲ್ಲಿ ಕೂಲಂಟ್ ಕಡಿಮೆಯಾಗತೊಡಗಿತು. ನೆಲದ ಮೇಲೆ ಒಂದು ಹನಿಯೂ ಇಲ್ಲ. ತಿಂಗಳುಗಟ್ಟಲೆ ಬರೀ ತುಂಬಿಸುತ್ತಾ ಹೋದೆ. ಕೊನೆಗೆ ಬೆಲ್ಟ್ ಕವರ್ ತೆಗೆದು ನೋಡಿದರೆ ಪಂಪಿನ ಕೆಳಗೆ ಕೂಲಂಟ್ ಒಣಗಿ ಗುಲಾಬಿ ಬಣ್ಣದ ಪೊರೆ ಕಟ್ಟಿತ್ತು. ಪಂಪಿನಲ್ಲಿ ಇದಕ್ಕೆಂದೇ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಹೋದರೆ ಅಲ್ಲಿಂದ ಜಿನುಗುತ್ತದೆ. ಆ ಜಿನುಗು ಬೆಲ್ಟಿಗೂ ತಾಗಿತ್ತು. ಕೂಲಂಟ್, ಆಯಿಲ್ ಕುಡಿದ ಬೆಲ್ಟನ್ನು ನಂಬುವಂತಿಲ್ಲ. ಒಳ್ಳೆಯ ಬೆಲ್ಟು ಅರ್ಧ ಆಯಸ್ಸಿಗೂ ಮೊದಲೇ ಕಸಕ್ಕೆ ಹೋಯಿತು. ನನ್ನದು ಇಂಟರ್‌ಫಿಯರೆನ್ಸ್ ಎಂಜಿನ್ ಬೇರೆ. ಅಂದರೆ ಬೆಲ್ಟ್ ತುಂಡಾದರೆ ಕ್ಯಾಮ್ ನಿಂತುಬಿಡುತ್ತದೆ, ಪಿಸ್ಟನ್ ಮೇಲೆ ಬಂದು ತೆರೆದಿರುವ ವಾಲ್ವಿಗೆ ಗುದ್ದುತ್ತದೆ. ವಾಲ್ವ್ ಬಗ್ಗಿದ ಮೇಲೆ ಹೆಡ್ ಬಿಚ್ಚದೆ ದಾರಿಯಿಲ್ಲ.

ಎರಡನೇ ಸಲ ಮತ್ತೆ ಅಷ್ಟೇ ಕೂಲಿ ಕೊಡಲು ಮನಸ್ಸಾಗದೆ ನಾನೇ ಕೈ ಹಾಕಿದೆ. ಒಂದೇ ದಿನದ ಕೆಲಸ ಅಂದುಕೊಂಡಿದ್ದೆ, ಎರಡು ದಿನ ಹಿಡಿಯಿತು. ಅದರಲ್ಲಿ ಅರ್ಧ ದಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟೇ ತಿಂದುಹಾಕಿತು. ಪುಲ್ಲಿ ತಿರುಗದಂತೆ ಹಿಡಿಯುವ ಟೂಲ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ. ಉದ್ದದ ಪೈಪ್ ಸಿಕ್ಕಿಸಿ ಇಬ್ಬರು ಜೋತುಬಿದ್ದ ಮೇಲೆ ಟಕ್ ಅಂತ ಬಂತು. ಏನೋ ಮುರಿಯಿತು ಅಂತಲೇ ಅಂದುಕೊಂಡೆವು.

ಜಂಘಾಬಲ ಉಡುಗಿದ್ದು ಮಾತ್ರ ಆಮೇಲೆ. ಹೊಸ ಬೆಲ್ಟ್ ಕೂರಿಸಿ, ಹೈಡ್ರಾಲಿಕ್ ಟೆನ್ಷನರನ್ನು ಅದುಮಿ ಹಿಡಿದಿದ್ದ ಪಿನ್ ಎಳೆದು, ಕ್ರ್ಯಾಂಕನ್ನು ಪಾನಾ ಹಿಡಿದು ಕೈಯಲ್ಲೇ ಎರಡು ಸುತ್ತು ತಿರುಗಿಸಿದೆ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು, ಹಾಗಾಗಿ ಹೊಂದಿಸಿ ನೋಡಲು ಇರುವ ಎಲ್ಲ ಟೈಮಿಂಗ್ ಮಾರ್ಕೂ ಮತ್ತೆ ಎದುರುಬದುರು ಬರಬೇಕು. ಬರಲಿಲ್ಲ. ಕ್ಯಾಮ್ ಒಂದು ಹಲ್ಲು ಹಿಂದೆ! ಬೆಲ್ಟಿನ ಸಡಿಲು ಟೆನ್ಷನರ್ ಇರುವ ಬದಿಗೇ ಬರಬೇಕು. ನಾನು ಆಚೆ ಬದಿಯಲ್ಲೂ ಸ್ವಲ್ಪ ಸಡಿಲು ಬಿಟ್ಟಿದ್ದೆ. ಮತ್ತೆ ಎಲ್ಲ ಬಿಚ್ಚಿ, ಟೆನ್ಷನರನ್ನು ವೈಸ್‌ನಲ್ಲಿ ಮೆಲ್ಲಗೆ ಅದುಮಿ, ಪಿನ್ ಸಿಕ್ಕಿಸಿ, ಮೊದಲಿಂದ ಶುರು. ಆ ಎರಡು ಸುತ್ತು ತಿರುಗಿಸದೆ ಕೀ ಹಾಕಿದ್ದರೆ? ಒಂದು ಹಲ್ಲಿಗೆ ಎಂಜಿನ್ ಸಾಯುತ್ತಿರಲಿಲ್ಲವೇನೋ, ಆದರೆ ಐಡ್ಲಿಂಗ್ ಒರಟಾಗಿ, ಪಿಕಪ್ ಸತ್ತು, ಕಾರಣ ಹುಡುಕುತ್ತಾ ಒದ್ದಾಡುತ್ತಿದ್ದೆ.

ಕಿಟ್‌ನಲ್ಲಿ ಬೆಲ್ಟ್, ಟೆನ್ಷನರ್, ಐಡ್ಲರ್, ಗ್ಯಾಸ್ಕೆಟ್ ಸಮೇತ ವಾಟರ್ ಪಂಪ್ ಇದ್ದವು. ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲ್ ಇರಲಿಲ್ಲ. ಪೂರ್ತಿ ಕಿಟ್ ಅಂತ ಮಾರಿ ಇದನ್ನು ಬಿಡೋದು ನನಗೆ ಸರಿ ಕಾಣಲಿಲ್ಲ. ಬೇರೆ ತರಿಸಿ ಹಾಕಿದೆ, ಥರ್ಮೋಸ್ಟಾಟ್ ಕೂಡ. ಹೇಗೂ ಕೂಲಂಟ್ ಎಲ್ಲ ಇಳಿಸಿ ಆಗಿತ್ತು, ಅಲ್ವಾ? ಹಳೇ ಐಡ್ಲರನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಬೇರಿಂಗು ಗರಗರ ಅನ್ನುತ್ತಿತ್ತು. 2015ರಲ್ಲಿ ನಾನು 'ಚೆನ್ನಾಗೇ ಇದೆ' ಅಂದದ್ದು ಇದಕ್ಕೇ.

ಆರು ವರ್ಷದಲ್ಲಿ ಕೂಲಂಟ್ ಮಟ್ಟ ಇಳಿದಿಲ್ಲ. ಪಂಪ್ ಒಣಗಿಯೇ ಇದೆ. ಸೀಲ್‌ಗಳಲ್ಲಿ ಎಣ್ಣೆ ಜಿನುಗಿಲ್ಲ. ಮೈಲೇಜಾಗಲಿ ಪಿಕಪ್ಪಾಗಲಿ ಜಾಸ್ತಿಯಾಗಿಲ್ಲ. ಹೊಸ ಬೆಲ್ಟಿನಿಂದ ಅದನ್ನು ಯಾರೂ ನಿರೀಕ್ಷಿಸಬಾರದು ಕೂಡ.

ದೂರು ಒಂದೇ. ಕಳೆದ ಚಳಿಗಾಲದಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಮೂರು ಸೆಕೆಂಡು ಟಕಟಕ ಸದ್ದು, ಆಮೇಲೆ ಮಾಯ. ಟೆನ್ಷನರ್ ಮೇಲೇ ನನಗೆ ಅನುಮಾನ. ಮ್ಯಾನುಯಲ್ ಪ್ರಕಾರ ಬೆಲ್ಟಿನ ಗಡುವು 90,000 ಕಿ.ಮೀ. ಅಥವಾ 7 ವರ್ಷ, ಯಾವುದು ಮೊದಲೋ ಅದು. ನನ್ನ ಓಡಾಟಕ್ಕೆ ವರ್ಷವೇ ಮೊದಲು ಮುಗಿಯುತ್ತದೆ. ರಬ್ಬರು ನಿಂತಲ್ಲೇ ಹಳತಾಗುತ್ತದೆ, ಮೀಟರ್ ನೋಡಿ ಲೆಕ್ಕ ಹಾಕುವವರು ಮರೆಯೋದು ಇದನ್ನೇ. ಬಾನೆಟ್ ಒಳಗೆ ತಾರೀಖು, ಕಿ.ಮೀ. ಬರೆದು ಅಂಟಿಸಿದ್ದೇನೆ. ಮುಂದಿನ ಕಿಟ್ ಆಗಲೇ ತರಿಸಿಟ್ಟಾಗಿದೆ, ಈ ಸಲ ಸೀಲ್ ಸಮೇತ ಬರುವುದನ್ನು ನೋಡಿ ತಗೊಂಡೆ. ಪುಲ್ಲಿ ಹಿಡಿಯುವ ಟೂಲನ್ನು ಗೆಳೆಯ ಒಯ್ದಿದ್ದಾನೆ, ಅದನ್ನು ವಾಪಸ್ ಇಸ್ಕೊಳ್ಳೋದೊಂದು ಬಾಕಿ.